ನಡೆಯುವವಳ ಅಳತೆ

ಸೋದರತ್ತೆಯ ಮನೆಗೆ ಬಂದ ಹೊಸದರಲ್ಲಿ, ಅವಳು ಹಕ್ಕಿ ಸಾಕಿದ್ದಾಳೆ ಎಂದೇ ನಾನು ನಂಬಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಚೀಲಗಳು. ಒಂದರಲ್ಲಿ ಒಡೆದ ಕಡಲೆಕಾಯಿ ಬೀಜ, ಒಂದರಲ್ಲಿ ಸೂರ್ಯಕಾಂತಿ ಬೀಜ, ಇನ್ನೊಂದರಲ್ಲಿ ಪುಡಿಯಾದ ಬಿಸ್ಕತ್ತು, ಮತ್ತೊಂದರಲ್ಲಿ ಓಟ್ಸು. ಒಲೆಯ ಮೇಲೆ ಮಾತ್ರ ಏನೂ ಇಲ್ಲ, ಹಳೆಯ ಟವೆಲ್ಲೊಂದನ್ನು ಮಡಿಸಿ ಹೊದಿಸಿದ್ದಳು. ಮನುಷ್ಯರು ತಿನ್ನುವ ಮನೆ ಹೀಗಿರುವುದಿಲ್ಲ ಎಂದು ನನ್ನ ಬುದ್ಧಿ ತೀರ್ಪು ಕೊಟ್ಟಿತು. ಪಂಜರ ಎಲ್ಲಿದೆಯೆಂದು ಬಾಲ್ಕನಿಯಲ್ಲಿ ನೋಡಿದೆ, ಬಚ್ಚಲಲ್ಲೂ ಇಣುಕಿದೆ. ಕಾಣಲಿಲ್ಲ. ಹಾಗಾದರೆ ಕಿಟಕಿಗೆ ಬರುವ ಗುಬ್ಬಿಗಳಿಗೇ ಇರಬೇಕು, ಅತ್ತೆ ಪುಣ್ಯವಂತೆ ಅಂದುಕೊಂಡೆ. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಪ್ರತಿ ಚೀಲದಿಂದ ಒಂದೊಂದು ಹಿಡಿ ತೆಗೆದು ಕಿಟಕಿಯ ಅಂಚಿಗೆ ಸುರಿಯತೊಡಗಿದೆ. ಬಿಟ್ಟಿ ಬಿಡಾರ ಹೂಡಿದವನು ಇಷ್ಟಾದರೂ ಮಾಡಬೇಡವೇ?

ಒಂದು ಭಾನುವಾರ ಅತ್ತೆ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದಳು.

"ಈ ಗುಬ್ಬಿಗಳಿಗೆ ಏನಾಗಿದೆ? ಹಾರ್ತಾನೇ ಇಲ್ಲ. ನಡ್ಕೊಂಡು ಹೋಗ್ತಿವೆ."

"ನಾನೇ ಅತ್ತೆ," ಎಂದು ಎದೆಯುಬ್ಬಿಸಿದೆ. "ನೀನು ಮರೀತೀಯೇನೋ ಅಂತ ದಿನಾ ನಾನೇ ಕಾಳು ಹಾಕ್ತಿದೀನಿ."

ಅತ್ತೆ ಕಟ್ಟೆಯ ಮೇಲಿನ ಚೀಲಗಳನ್ನು ನೋಡಿದಳು. ಆಮೇಲೆ ನನ್ನನ್ನು.

"ಅದು ನನ್ನ ಊಟ ಕಣೋ," ಅಂದಳು.

ಬೇರೆ ಯಾರಾದರೂ ಆಗಿದ್ದರೆ ಒಂದೋ ನಗುತ್ತಿದ್ದರು, ಇಲ್ಲವೇ ಸೌಟು ಹುಡುಕುತ್ತಿದ್ದರು. ಅತ್ತೆ ಎರಡೂ ಮಾಡಲಿಲ್ಲ. ನಾಳೆ ನೀರು ಬರಲ್ಲ ಅಂತೆ ಎನ್ನುವ ದನಿಯಲ್ಲಿ ಅಷ್ಟು ಹೇಳಿ, ಚೀಲಗಳ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದಳು. ಅವಳ ಎಲ್ಲ ಮಾತೂ ಆಗ ಅದೇ ದನಿಯಲ್ಲಿರುತ್ತಿತ್ತು.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ ಅಂಗಡಿ, ಅದೇ ಸ್ಟೂಲು. ಊರಿನ ಅರ್ಧ ಜನ ಅವಳು ಕೂರಿಸಿದ ಗಾಜಿನಲ್ಲೇ ಜಗತ್ತು ನೋಡುತ್ತಾರೆ, ಆದರೆ ಅವಳನ್ನು ನೋಡಿದವರು ಕಡಿಮೆ. ನನ್ನ ಕೆಲಸ ಇದಕ್ಕೆ ತಿರುಗಾಮುರುಗಾ. ಬಟ್ಟೆ ಒಗೆಯುವ ಯಂತ್ರದ ಕಂಪನಿಗೆ ಬರುವ ದೂರಿನ ಫೋನು ಎತ್ತುತ್ತೇನೆ. ನಾನು ಇದುವರೆಗೆ ಮುಟ್ಟಿಯೂ ನೋಡದ ಯಂತ್ರಗಳ ಪರವಾಗಿ ದಿನವಿಡೀ ಕ್ಷಮೆ ಕೇಳುತ್ತೇನೆ. ಆ ಹೊತ್ತಿಗೆ ನನ್ನ ಸ್ವಂತ ಬಟ್ಟೆಗಳು ಬಕೆಟ್ಟಿನಲ್ಲಿ ನೆನೆಯುತ್ತಿರುತ್ತವೆ. ಸಂಜೆ ಮನೆಗೆ ಬಂದು ಬಾಗಿಲು ತಾಗಿದರೆ ಬಾಗಿಲಿಗೂ ಸಾರಿ ಅನ್ನುವಷ್ಟು ಅಭ್ಯಾಸವಾಗಿದೆ.

ಆಫೀಸು ಹತ್ತಿರ ಎಂದು ಅತ್ತೆಯ ಮನೆ ಸೇರಿದೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧವನ್ನು ಅಪ್ಪ ಬಸ್ ಸ್ಟಾಂಡಿನಲ್ಲಿ ಹೇಳಿದ್ದ.

"ಅವಳ ಮೇಲೆ ಒಂದು ಕಣ್ಣಿಟ್ಟಿರು. ಏನು ತಿಂತಾಳೆ, ಎಲ್ಲಿಗೆ ಹೋಗ್ತಾಳೆ, ನೋಡ್ಕೋ. ಅವಳಿಗೆ ಗೊತ್ತಾಗ್ಬಾರ್ದು."

ಏನು ತಿನ್ನುತ್ತಾಳೆ ಎಂದು ನೋಡಲು ಬಂದವನು ಅದನ್ನೇ ಗುಬ್ಬಿಗಳಿಗೆ ಹಾಕಿದ್ದೆ. ಗೂಢಚಾರಿಕೆಯಲ್ಲಿ ನನಗೆ ಭವಿಷ್ಯವಿಲ್ಲ.

ಅಪ್ಪನ ಭಯಕ್ಕೆ ಕಾರಣವಿತ್ತು. ಮಾವನಿಗೆ, ಅಂದರೆ ಅತ್ತೆಯ ಗಂಡನಿಗೆ, ಲಕ್ವ ಹೊಡೆದಿತ್ತು, ನಾಲ್ಕು ವರ್ಷ ಮಲಗಿದಲ್ಲೇ ಇದ್ದ. ನುಂಗಲು ಬರುತ್ತಿರಲಿಲ್ಲ. ಹೊಟ್ಟೆಗೆ ನೇರವಾಗಿ ಟ್ಯೂಬು ಹಾಕಿದ್ದರು. ಒಂದು ಸಲಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಹೋದರೆ ಹೊಟ್ಟೆ ತಡೆಯುತ್ತಿರಲಿಲ್ಲ, ವಾಪಸ್ ಬರುತ್ತಿತ್ತು. ಹಾಗಾಗಿ ಆ ಒಂದು ಲೋಟದಲ್ಲಿ ಎಷ್ಟು ಶಕ್ತಿ ತುಂಬಬಹುದು ಎನ್ನುವುದೇ ಅತ್ತೆಯ ಬದುಕಾಯಿತು. ಹಾಲಿನ ಪುಡಿ, ಎಣ್ಣೆ, ನುಣ್ಣಗೆ ಅರೆದ ಕಡಲೆಬೀಜ, ಸಕ್ಕರೆ. ಫೋನಿನಲ್ಲಿ ಅಲಾರಂ ಇಟ್ಟು, ಅದು ಕೂಗಿದಾಗೆಲ್ಲ ಅಂಗಡಿಯಿಂದ ಓಡಿಬಂದು ಊಟ ಇಳಿಸಿ ಮತ್ತೆ ಓಡುತ್ತಿದ್ದಳು. ಮಾವ ಹೋದ ಮೇಲೆ ಅಲಾರಂ ತೆಗೆಯಲಿಲ್ಲ. ಈಗಲೂ ಅದು ಕೂಗುತ್ತದೆ, ಅವಳು ಏನು ಮಾಡುತ್ತಿದ್ದರೂ ಬಿಟ್ಟು, ಒಂದು ಹಿಡಿ ಏನನ್ನೋ ಬಾಯಿಗೆ ಹಾಕಿಕೊಂಡು ಅಗಿಯುತ್ತಾಳೆ. ಕೂಗದಿದ್ದರೆ ತಿನ್ನುವುದಿಲ್ಲ. ಹಸಿವು ಎನ್ನುವುದು ಅವಳಿಗೆ ನಿಂತೇಹೋಗಿದೆ.

ಇದನ್ನು ನನಗೆ ಅವಳೇ ಹೇಳಿದ್ದು. ಹಸಿವಾಗಲ್ವಾ ಅತ್ತೆ ಅಂದದ್ದಕ್ಕೆ, "ಇಲ್ಲ. ಅದು ಹೋಗಿ ಒಂದೂವರೆ ವರ್ಷ ಆಯ್ತು," ಅಂದಿದ್ದಳು. ಬಾಡಿಗೆಗಿದ್ದವರು ಮನೆ ಖಾಲಿ ಮಾಡಿದ ಹಾಗೆ.

ನನಗೆ ಮಲಗಲು ಕೊಟ್ಟಿದ್ದು ಮಾವನ ಕೋಣೆ. ಮಂಚ ಆಸ್ಪತ್ರೆಯದು, ಕಾಲ ಬಳಿ ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಪಕ್ಕದಲ್ಲಿ ಕಬ್ಬಿಣದ ಕಂಬಿ, ತುದಿಗೊಂದು ಕೊಕ್ಕೆ. ಬಂದ ದಿನ ನಾನು ಯೋಚಿಸದೆ ಅದಕ್ಕೆ ಅಂಗಿ ತೂಗುಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತು ಅಂಗಿಯನ್ನು ನೋಡಿದಳು.

"ಇಸ್ತ್ರಿ ಮಾಡ್ಬೇಕಾ?" ಅಂದಳು.

ಬೇಡ ಅಂದೆ. ಅಂಗಿ ಅಲ್ಲೇ ಉಳಿಯಿತು.

ನಡಿಗೆ ಶುರುವಾಗಿದ್ದು ಮಾವ ಹೋದ ಮೇಲೆಯೇ. ಮೊದಲು ಬಸ್ ಬಿಟ್ಟು ಅಂಗಡಿಗೆ ನಡೆದಳು. ಆಮೇಲೆ ರಜಾ ದಿನ ಊರ ಹೊರಗಿನ ಕೆರೆಯವರೆಗೆ, ಆಮೇಲೆ ಗುಡ್ಡದವರೆಗೆ. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: "ಮನೇಲಿದ್ರೆ ಅಲಾರಂ ಕೂಗಿದಾಗೆಲ್ಲ ಎದ್ದು ಆ ರೂಮಿಗೆ ಹೋಗ್ತೀನಿ. ನಡೀತಾ ಇದ್ರೆ ಹೋಗೋಕೆ ರೂಮೇ ಇರಲ್ಲ."

ಹೋದ ವರ್ಷ ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬಳೇ ಬೆಟ್ಟಸಾಲು ಹತ್ತಲು ಹೊರಟಳು. ನೆತ್ತಿ ದಾಟಿ ಆಚೆ ಇಳಿಯುವ ದಾರಿ, ಹಲವು ದಿನದ ನಡಿಗೆ, ನೆತ್ತಿಯವರೆಗೆ ಅಂಗಡಿಯಿಲ್ಲ, ಮನೆಯಿಲ್ಲ. ಅವಳು ನೆತ್ತಿ ತಲುಪಲಿಲ್ಲ. ದಾರಿಯ ಕಲ್ಲುಗಳಿಗೆ ಗುರುತಿನ ಬಣ್ಣ ಬಳಿಯುತ್ತ ಬಂದ ಇಬ್ಬರು ಕೆಲಸಗಾರರು, ಬಂಡೆಗೊರಗಿ ಕಾಲು ಚಾಚಿ ಕೂತಿದ್ದವಳನ್ನು ಕಂಡರು. ಏಳಲು ಕಾಲು ಬರುತ್ತಿರಲಿಲ್ಲ. ಹಸಿದಿದ್ದೀರಾ ಅಮ್ಮಾ ಎಂದು ಕೇಳಿದ್ದಕ್ಕೆ ಇಲ್ಲ ಅಂದಳಂತೆ. ಅವರು ಪೆಪ್ಪರಮೆಂಟು ತಿನ್ನಿಸಿ, ತಮ್ಮ ರೊಟ್ಟಿ ಕೊಟ್ಟು, ಆಚೆಈಚೆ ಹಿಡಿದು ಕೆಳಗಿಳಿಸಿದರು. ಚೀಲದಲ್ಲಿ ತಿನ್ನಲು ಹೆಚ್ಚೇನೂ ಇರಲಿಲ್ಲ ಎನ್ನುವುದು ಅಪ್ಪನ ಕಿವಿಗೆ ಬಿತ್ತು. ಅವನು ಎರಡನ್ನು ಎರಡಕ್ಕೆ ಕೂಡಿಸಿದ. ಅವಳು ವಾಪಸ್ ಬರಲು ಹೋಗಿರಲಿಲ್ಲ ಎನ್ನುವುದು ಅವನ ಲೆಕ್ಕಕ್ಕೆ ಬಂದ ಉತ್ತರ. ಅದನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ನನ್ನನ್ನು ಕಳಿಸಿದ, ಅಷ್ಟೆ.

ಈಗ ಅತ್ತೆ ಮತ್ತೆ ಅದೇ ದಾರಿಗೆ ಹೊರಟಿದ್ದಳು.

ಹೊರಡುವ ಮುಂಚಿನ ವಾರಗಳಲ್ಲಿ ಅವಳಿಗೆ ನನ್ನಿಂದ ಒಂದು ಉಪಯೋಗ ಕಂಡಿತು. ನನಗೆ ಹಸಿವಾಗುತ್ತದೆ. ಅದೊಂದೇ ನನ್ನ ಅರ್ಹತೆ.

"ಇದನ್ನ ತಿನ್ನು," ಎಂದು ಒಂದು ಸಂಜೆ ಕೈಯಲ್ಲೊಂದು ಕಂದು ಬಣ್ಣದ ತುಂಡು ಇಟ್ಟಳು. ಕಡಲೆಬೀಜದ ಪೇಸ್ಟು, ಹಾಲಿನ ಪುಡಿ, ಬಿಸ್ಕತ್ತಿನ ಪುಡಿ, ಎಣ್ಣೆ, ಸಕ್ಕರೆ ಎಲ್ಲ ಕಲಸಿ ಡಬ್ಬಿಯಲ್ಲಿ ಒತ್ತಿ ಕತ್ತರಿಸಿದ್ದು. ಗಾತ್ರ ಬೆಂಕಿಪೊಟ್ಟಣ, ತೂಕ ಇಟ್ಟಿಗೆ.

"ಚೆನ್ನಾಗಿದೆ ಅತ್ತೆ."

"ಚೆನ್ನಾಗಿದೆಯಾ ಅಂತ ಕೇಳ್ಲಿಲ್ಲ. ನಾಳೇನೂ ಇದೇ, ನಾಡಿದ್ದೂ ಇದೇ. ಯಾವಾಗ ಬೇಡ ಅನ್ಸುತ್ತೆ ಅದನ್ನ ಹೇಳು. ನನಗೆ ಗೊತ್ತಾಗಲ್ಲ."

ಮೂರನೆಯ ಸಂಜೆ ಅದನ್ನು ಕಂಡರೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅತ್ತೆ ತಲೆಯಾಡಿಸಿ ಅದಕ್ಕೆ ಉಪ್ಪು ಹೆಚ್ಚಿಸಿದಳು. ಆಮೇಲೆ ಮತ್ತೆ ಮೂರು ಸಂಜೆ. ತಿಂಗಳಾಗುವಷ್ಟರಲ್ಲಿ ಅವಳ ಬೆಟ್ಟದ ಊಟ ತಯಾರಾಯಿತು, ನನ್ನ ಪ್ಯಾಂಟಿನ ಗುಂಡಿ ಹಾರಿಹೋಯಿತು. ಬೆಟ್ಟ ಹತ್ತುವವರ ಊಟವನ್ನು ಕುರ್ಚಿಯಲ್ಲಿ ಕೂತು ತಿಂದರೆ ಬೆಟ್ಟವೇ ಮೈಮೇಲೆ ಬರುತ್ತದೆ.

ನನಗೂ ಸಲಹೆ ಕೊಡುವ ಚಪಲ. ಒಂದು ದಿನ ಸೌತೆಕಾಯಿ, ಬ್ರೆಡ್ಡು, ಸೇಬು ತಂದು ಕಟ್ಟೆಯ ಮೇಲಿಟ್ಟು, "ನಡಿಗೆಗೆ ಒಳ್ಳೇದು, ದಾಹಕ್ಕೂ ಆಗುತ್ತೆ," ಅಂದೆ.

ಅತ್ತೆ ಸೌತೆಕಾಯಿಯನ್ನು ಕೈಯಲ್ಲಿ ತೂಗಿದಳು. "ಇದು ನೀರು. ಸಿಪ್ಪೆ ಹಾಕ್ಕೊಂಡಿದೆ. ಬೆಟ್ಟದಲ್ಲಿ ತೊರೆ ಇದೆ, ಅಲ್ಲಿಗೆ ನೀರು ಹೊತ್ಕೊಂಡು ಹೋಗ್ಲಾ?" ಬ್ರೆಡ್ಡನ್ನು ಒತ್ತಿದಳು, ಅದು ಕುಗ್ಗಿತು. "ಇದು ಗಾಳಿ." ಸೇಬನ್ನು ಕಚ್ಚಿ ತಿಂದಳು. ಅಲಾರಂ ಆಗಷ್ಟೇ ಕೂಗಿತ್ತು.

"ಒಂದು ಪುಟ್ಟ ಸ್ಟವ್ ತಗೊಂಡು ಹೋಗ್ಬಾರ್ದಾ? ಬಿಸಿಬಿಸಿಯಾಗಿ ಏನಾದ್ರೂ..."

"ಸ್ಟವ್ವು, ಗ್ಯಾಸು, ಪಾತ್ರೆ. ಅಷ್ಟು ತೂಕಕ್ಕೆ ಬಾದಾಮಿ ಹಾಕ್ಕೊಂಡ್ರೆ ಇನ್ನೊಂದು ದಿನ ನಡೀಬಹುದು. ಓಟ್ಸು ತಣ್ಣೀರಲ್ಲೇ ನೆನೆಯುತ್ತೆ. ಬೆಳಗ್ಗೆ ಬಾಟ್ಲಿಗೆ ಹಾಕಿ ನೀರು ಬಿಟ್ಟು ಚೀಲದಲ್ಲಿಟ್ರೆ, ನಾನು ನಡೀತಿರ್ತೀನಿ, ಅದು ನೆನೀತಿರುತ್ತೆ."

"ತಣ್ಣಗಿರೋದು ಗಂಟಲಲ್ಲಿ ಇಳಿಯುತ್ತಾ?"

"ನಿಮ್ಮ ಮಾವನಿಗೆ ಟ್ಯೂಬಲ್ಲಿ ಇಳೀತಿತ್ತು," ಅಂದಳು.

ಒಣದ್ರಾಕ್ಷಿ ಕಡಿಮೆ, ಬೀಜ ಹೆಚ್ಚು, ಯಾಕೆಂದರೆ ಬೀಜದಲ್ಲಿ ಎಣ್ಣೆ ಇದೆ. ಚಾಕೊಲೇಟು ಬೇಡ, ಕರಗುತ್ತದೆ. ಪೊಟ್ಟಣದ ಕಾಗದವೆಲ್ಲ ಮನೆಯಲ್ಲೇ ಬಿಚ್ಚಿ ಎಸೆಯಬೇಕು, ಬಿಸ್ಕತ್ತನ್ನು ಪುಡಿಮಾಡಿದರೆ ಅರ್ಧ ಜಾಗ ಸಾಕು. ಅವಳು ಮಾತಾಡುತ್ತಿದ್ದುದೇ ಇಂಥದ್ದನ್ನು. ಹಾಗೆ ಬಿಸ್ಕತ್ತು ಕುಟ್ಟುತ್ತಿದ್ದಾಗಲೇ ಒಂದು ದಿನ, ನಾನು ಕೇಳದೆಯೇ, ಹೋದ ವರ್ಷ ಏನಾಯಿತು ಎಂದು ಹೇಳಿದಳು.

"ಅಳತೆ ತಪ್ಪಿತ್ತು. ಕೈಗೆ ಬಂದಿದ್ದ ಅಳತೇಲೇ ಚೀಲ ತುಂಬಿದೆ. ನಾಲ್ಕು ವರ್ಷ ದಿನಾ ತೂಗಿದ ಕೈ, ಯೋಚನೆ ಮಾಡ್ದೇ ತುಂಬುತ್ತೆ. ಅದು ಮಲಗಿರೋನ ಅಳತೆ. ಕೈಕಾಲು ಆಡಿಸದೋನಿಗೆ ಬೇಕಾಗೋದು. ನಾನು ಬೆಟ್ಟ ಹತ್ತೋಳು ಅನ್ನೋದು ಹೊಳೀಲೇ ಇಲ್ಲ." ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಹಸಿವಾಗಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತು. ಹಸಿವಾಗ್ಲಿಲ್ಲ. ಅಲಾರಂ ಕೂಗ್ತು, ತಿಂದೆ. ಕೂಗ್ತು, ತಿಂದೆ. ಆಮೇಲೆ ಕಾಲು ಹೋಯ್ತು."

ಅಂದು ಸಂಜೆ ಅಪ್ಪನಿಗೆ ಫೋನು ಮಾಡಿ ಇದನ್ನು ಹೇಳಿದೆ.

"ಹಾಗಂತ ಅವಳು ಹೇಳಿದ್ಲಾ?"

"ಹೂಂ."

"ಹೇಳ್ತಾಳೆ. ಬೇರೆ ಏನು ಹೇಳ್ತಾಳೆ?" ಅಪ್ಪ ದನಿ ತಗ್ಗಿಸಿದ. "ನೇರವಾಗಿ ಕೇಳು ಅವಳನ್ನ."

"ಏನಂತ?"

"ಅದೇ... ನಿನಗೆ ಗೊತ್ತಲ್ಲ."

"ನೀನೇ ಕೇಳಪ್ಪಾ. ಅವಳ ಅಣ್ಣ ನೀನು."

"ನಿನ್ನನ್ನ ಅಲ್ಲಿ ಇಟ್ಟಿರೋದು ಯಾಕೆ ಮತ್ತೆ, ತಿನ್ನೋಕಾ?"

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ವಂಶದಲ್ಲಿ ಊಟ ಬಲ್ಲವಳು ಒಬ್ಬಳಿದ್ದಾಳೆ. ಮಾತು ಬಲ್ಲವರು ಹುಟ್ಟಿಲ್ಲ. ದಿನಕ್ಕೆ ನೂರು ಜನ ಅಪರಿಚಿತರ ಹತ್ತಿರ ಮಾತಾಡಿ ಸಂಬಳ ತೆಗೆದುಕೊಳ್ಳುವ ನನಗೂ, ಅಡುಗೆಮನೆಯಲ್ಲಿ ನಿಂತು ಆ ಒಂದು ಪ್ರಶ್ನೆ ಕೇಳಲು ನಾಲಗೆ ಏಳಲಿಲ್ಲ.

ಹೊರಡುವ ಹಿಂದಿನ ದಿನ ಅತ್ತೆ ಊಟವನ್ನು ದಿನದಿನಕ್ಕೆ ಬೇರೆ ಬೇರೆ ಚೀಲ ಮಾಡಿ ನನ್ನ ಮಂಚದ ಮೇಲೆ ಸಾಲಾಗಿ ಜೋಡಿಸಿದಳು. ಮನೆಯಲ್ಲಿ ಅಷ್ಟು ಉದ್ದದ ಜಾಗ ಬೇರೆ ಇರಲಿಲ್ಲ. ತಲೆದಿಂಬಿನಿಂದ ಶುರುವಾಗಿ ಮೊಣಕಾಲು ಬರುವ ಜಾಗದವರೆಗೆ ಚೀಲಗಳು. ಚೀಲಗಳು ಹೋದ ವರ್ಷದವಕ್ಕಿಂತ ಎರಡರಷ್ಟು ದಪ್ಪ ಎಂದು ಅವಳೇ ಹೇಳಿದಳು. ಸಮಾಧಾನವಾಯಿತು. ಅವಳು ಅಂಗಡಿಗೆ ಹೋದ ಮೇಲೆ ಒಂದೊಂದು ದಿನದ ನಡಿಗೆಗೆ ಗೆರೆ ಹಾಕಿ ಗೋಡೆಗೆ ಅಂಟಿಸಿದ್ದ ಬೆಟ್ಟದಾರಿಯ ನಕ್ಷೆಯ ಎದುರು ನಿಂತು, ಮಂಚದ ಮೇಲಿನ ಚೀಲಗಳನ್ನೂ ದಾರಿಯನ್ನೂ ಹೊಂದಿಸಿ ನೋಡಿದೆ. ಮೊದಲ ಚೀಲ ಇಲ್ಲಿಯವರೆಗೆ, ಎರಡನೆಯದು ಇಲ್ಲಿಯವರೆಗೆ. ಕೊನೆಯ ಚೀಲ ನೆತ್ತಿಯ ಹತ್ತಿರ ಮುಗಿಯಿತು. ಆಚೆಯ ಇಳಿಜಾರಿಗೆ, ವಾಪಸ್ ಬರುವ ದಾರಿಗೆ, ಒಂದು ಚೀಲವೂ ಇರಲಿಲ್ಲ. ಮಂಚದ ಕಾಲ ಕಡೆ ಹಾಸಿಗೆ ಖಾಲಿ ಬಿದ್ದಿತ್ತು.

ನನಗೆ ಭಯವಾಗಬೇಕಿತ್ತು. ಆಗಿದ್ದು ಮರಗಟ್ಟಿದ ಹಾಗೆ, ಕಾಲು ಜೋಮು ಹಿಡಿಯುವುದಿಲ್ಲವೇ, ಅದು ಎದೆಗೆ ಹಿಡಿದ ಹಾಗೆ. ಅಪ್ಪನಿಗೆ ಫೋನು ಮಾಡಿದೆ. ಆಮೇಲೆ ಆಫೀಸಿಗೆ ಹೋಗಿ, ನೀರು ಹಿಂಡದ ಯಂತ್ರವೊಂದರ ಪರವಾಗಿ ಕ್ಷಮೆ ಕೇಳಿದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಅಪ್ಪ ಬಂದ. ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ, ಬಗಲಲ್ಲಿ ಬಾಳೆಹಣ್ಣಿನ ಚಿಪ್ಪು. ಅತ್ತೆ ಬಾಗಿಲು ತೆಗೆದಳು.

"ಏನಣ್ಣ, ಇಷ್ಟು ಬೆಳಗ್ಗೆ?"

"ಈ ಕಡೆ ಕೆಲಸ ಇತ್ತು."

"ಊಟದ ಡಬ್ಬಿಗಾ?"

ಅಪ್ಪ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ನಿನ್ನ ಅತ್ತಿಗೆ ಕೊಟ್ಲು. ಅನ್ನ, ಮೊಸರು, ತರಕಾರಿ. ದಾರಿಗೆ ತಗೊಂಡು ಹೋಗು ಪುಟ್ಟೀ."

ಅತ್ತೆ ಒಂದೊಂದು ಅಂತಸ್ತನ್ನು ಬಿಚ್ಚಿ ನೋಡಿದಳು. "ಇದರಲ್ಲಿ ಮುಕ್ಕಾಲು ನೀರು ಅಣ್ಣ."

"ನೀರಾಗ್ಲಿ. ನಿನಗಿಷ್ಟ ಅಂತ ಮಾಡಿದಾಳೆ."

"ಇಷ್ಟ ಇತ್ತು," ಅಂದಳು. ಅಪ್ಪನಿಗೆ ನೋವಾಯಿತೇನೋ ಅನ್ನಿಸಿರಬೇಕು, ಚಮಚ ತೆಗೆದು ನಿಂತಲ್ಲೇ ಎರಡು ತುತ್ತು ತಿಂದಳು. ಅಲಾರಂ ಕೂಗಿರಲಿಲ್ಲ.

ನಾವು ಮೂವರೂ ಮಾವನ ಕೋಣೆಗೆ ಬಂದೆವು. ಅತ್ತೆ ಚೀಲಗಳನ್ನು ಒಂದೊಂದಾಗಿ ಬೆನ್ನಿನ ಬ್ಯಾಗಿಗೆ ಇಳಿಸತೊಡಗಿದಳು. ಕೊನೆಯ ದಿನದ್ದು ತಳಕ್ಕೆ, ಮೊದಲ ದಿನದ್ದು ಮೇಲಕ್ಕೆ. ಅಪ್ಪ ಅಡ್ಡಗೋಡೆಯ ಮೇಲೆ ದೀಪ ಇಡಲು ಶುರುಮಾಡಿದ.

"ಮೇಲೆ ಚಳಿ ಇರುತ್ತೇನೋ."

"ಇರುತ್ತೆ."

"ನಿನ್ನ ವಯಸ್ಸಿಗೆ ಇದೆಲ್ಲ..."

"ನಿನಗಿಂತ ಆರು ವರ್ಷ ಚಿಕ್ಕೋಳು."

"ಅಲ್ಲ ಪುಟ್ಟೀ, ಇವನು ಹೇಳ್ತಿದ್ದ." ಅಪ್ಪ ನನ್ನತ್ತ ಕೈ ತೋರಿಸಿದ. ಗೂಢಚಾರನ ಗುಟ್ಟು ಅಲ್ಲಿಗೆ ರಟ್ಟಾಯಿತು. "ಊಟ ಎಲ್ಲ ನೆತ್ತಿಗೇ ಮುಗಿದುಹೋಗುತ್ತಂತೆ. ಆಚೆಗೆ?"

ಅತ್ತೆ ನನ್ನನ್ನು ನೋಡಿದಳು. ಗುಬ್ಬಿಗಳ ದಿನ ನೋಡಿದ ಹಾಗೆಯೇ.

"ನೆತ್ತಿಯಿಂದ ಆಚೆ ಸ್ವಲ್ಪ ಇಳಿದ್ರೆ ತಂಗುಮನೆ ಇದೆ. ಬೆಟ್ಟ ದಾಟಿ ಬಂದೋರಿಗೆ ಬಿಸಿ ಊಟ ಹಾಕ್ತಾರೆ. ಅಲ್ಲಿಂದ ವಾಪಸ್ಸಿಗೆ ಬಸ್ಸು. ಊಟದ ಮನೆಗೆ ಊಟ ಹೊತ್ಕೊಂಡು ಹೋಗ್ಬೇಕಾ?"

ಅಪ್ಪನ ಭುಜ ಒಂದು ಅಂಗುಲ ಕೆಳಗಿಳಿಯಿತು. ಪೂರ್ತಿ ಇಳಿಯಲಿಲ್ಲ. ಅವನು ನಕ್ಷೆಯನ್ನು ನೋಡಿದ, ಕಂಬಿಯ ಕೊಕ್ಕೆಗೆ ತೂಗಿದ್ದ ನನ್ನ ಅಂಗಿಯನ್ನು ನೋಡಿದ, ಕೇಳಬೇಕಾದ್ದು ಅಲ್ಲೆಲ್ಲಾದರೂ ಬರೆದಿದೆಯೇನೋ ಎಂಬಂತೆ. ಅತ್ತೆ ಬ್ಯಾಗಿನ ದಾರ ಬಿಗಿದಳು. ಇನ್ನೊಂದು ನಿಮಿಷ ಬಿಟ್ಟರೆ ಅವಳು ಹೊರಟುಬಿಡುತ್ತಾಳೆ, ಅಪ್ಪ ಇನ್ನಷ್ಟು ದಿನ ಉಸಿರು ಹಿಡಿದುಕೊಂಡು ಕೂರುತ್ತಾನೆ, ಪ್ರತಿ ಸಂಜೆ ನನಗೆ ಫೋನು ಮಾಡುತ್ತಾನೆ. ಅದನ್ನು ನೆನೆದೇ ನನ್ನ ಬಾಯಿ ಬಿಚ್ಚಿತು. ಧೈರ್ಯದಿಂದಲ್ಲ.

"ಅತ್ತೆ, ಹಸಿವೇ ಇಲ್ಲದೋಳು ಅಲ್ಲಿ ಒಬ್ಬಳೇ ಏನು ಮಾಡ್ತೀಯ? ನಿಜ ಹೇಳು. ವಾಪಸ್ ಬರೋಕೆ ಹೋಗ್ತಿದೀಯಾ, ಬರದೇ ಇರೋಕಾ?"

ಅಪ್ಪ ನನ್ನ ತೋಳು ಹಿಡಿದ. ಅತ್ತೆ ಬ್ಯಾಗನ್ನು ಮೊಣಕಾಲ ಮೇಲೆತ್ತಿ, ಒಂದು ತೋಳು ತೂರಿಸಿ, ಇನ್ನೊಂದು ತೋಳು ತೂರಿಸಿ, ಸೊಂಟದ ಪಟ್ಟಿ ಬಿಗಿದುಕೊಂಡಳು.

"ಬರ್ತೀನಿ ಕಣೋ. ಹಸಿವಿಲ್ಲದ ಒಂದು ಜೀವಾನ ನಾಲ್ಕು ವರ್ಷ ಸಾಕಿದೀನಿ. ಇನ್ನೊಂದನ್ನ ಸಾಕೋದು ಎಷ್ಟರ ಮಾತು?"